ನೂರಾ ಒಂದು ಪಾಯಿಂಟ್ ನಾಲ್ಕು

ಈ ಕಥೆಯನ್ನು ನಾನು ಮೊದಲ ಸಲ ಹೇಳಿದ ದಿನ ಕೇಳುತ್ತಿದ್ದವರ ಪೈಕಿ ಏಳು ಸಾವಿರದ ಮುನ್ನೂರು ಮಂದಿ ನಗು ತಡೆಯಲಾರದೆ ಕುರ್ಚಿಯಿಂದ ಕೆಳಗೆ ಬಿದ್ದರು. ಮಿಕ್ಕವರು ಬೀಳಲಿಲ್ಲ, ಅವರಿಗೆ ಕೂರಲು ಕುರ್ಚಿ ಸಿಕ್ಕಿರಲಿಲ್ಲ, ಅಷ್ಟೇ. ಬೀದಿಯಲ್ಲಿ ಹೋಗುತ್ತಿದ್ದ ಬಸ್ಸೊಂದು ಕಥೆ ಮುಗಿಯುವ ತನಕ ಮುಂದಕ್ಕೆ ಹೋಗಲಾರೆನೆಂದು ಹಟ ಹಿಡಿದು ನಿಂತಿತು. ಡ್ರೈವರು ಯಾವ ಗೇರು ಹಾಕಿದರೂ ಊಹೂಂ. ನಂಬುವುದು ಬಿಡುವುದು ನಿಮಗೆ ಸೇರಿದ್ದು. ಅಂಕಿ ಮಾತ್ರ ಪಕ್ಕಾ.

ಅಂಕಿಯ ಮಾತು ಬಂತಲ್ಲ, ಕಥೆ ಶುರುವಾಗುವುದೇ ಅಲ್ಲಿಂದ.

ನೋಡೋಣಪ್ಪ ಎಂಬುವನೊಬ್ಬನಿದ್ದ. ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಊಟ ಬಡಿಸಲೇ ಎಂದರೂ ‘ನೋಡೋಣ’, ಮನೆಗೆ ಬೆಂಕಿ ಬಿದ್ದಿದೆ ಎಂದರೂ ‘ನೋಡೋಣ’ ಎನ್ನುವವನಿಗೆ ಬೀದಿಯ ಜನ ಇನ್ನಾವ ಹೆಸರನ್ನು ಉಳಿಸಿಯಾರು? ಮದುವೆಯ ಮಾತುಕತೆಯ ದಿನ ‘ಹುಡುಗಿ ಒಪ್ಪಿಗೆಯಾ?’ ಎಂದು ಕೇಳಿದ್ದಕ್ಕೂ ಅದೇ ಉತ್ತರ ಕೊಟ್ಟಿದ್ದ. ಅದನ್ನು ಅವನ ಹೆಂಡತಿ ಇವತ್ತಿಗೂ ಮರೆತಿಲ್ಲ, ಮರೆಯುವ ಲಕ್ಷಣವೂ ಇಲ್ಲ.

ಅವನಿಗೆ ಕುರ್ಚಿ ಕಾರ್ಖಾನೆಯೊಂದರಲ್ಲಿ ಕೆಲಸ. ಹಿಂದಿನ ಶೆಡ್ಡಿನಲ್ಲಿ ಫೋಮು ಕತ್ತರಿಸುವವರು, ರೆಕ್ಸಿನ್ ಎಳೆದು ಪಿನ್ನು ಹೊಡೆಯುವವರು, ಕಾಲಿಗೆ ಚಕ್ರ ಸಿಕ್ಕಿಸುವವರು. ಮುಂದಿನ ಕೋಣೆಯಲ್ಲಿ ಒಂದು ಫೋನು, ಒಂದು ಕಂಪ್ಯೂಟರು, ಒಬ್ಬ ನೋಡೋಣಪ್ಪ. ಪ್ರಪಂಚದ ಅರ್ಧ ಜನ ಕೂರುವ ಕುರ್ಚಿಗಳು ಅಲ್ಲಿಂದಲೇ ಹೋಗುತ್ತಿದ್ದವು ಎಂದು ನಾನು ಹೇಳಿದರೆ ಅದು ಕೊಂಚ ಕಡಿಮೆಯೇ ಆದೀತು. ಆದರೂ ನೋಡೋಣಪ್ಪ ಮಾತ್ರ ಕೆಲಸಕ್ಕೆ ಸೇರಿದ ದಿನದಿಂದ ಸ್ಟೂಲಿನ ಮೇಲೆ ಕೂರುತ್ತಿದ್ದ. ಒಂದು ಕುರ್ಚಿ ಕೊಡಿ ಎಂದು ಕೇಳಬೇಕೆಂದು ಅವನಿಗೆ ಎಷ್ಟೋ ಸಲ ಅನ್ನಿಸಿತ್ತು. ನೋಡೋಣ ಅಂತ ಸುಮ್ಮನಾಗಿದ್ದ.

ಒಂದು ದಿನ ಮಾಲೀಕರು ಎಲ್ಲಿಂದಲೋ ಒಂದು ಹೊಸ ಬಗೆಯ ಕುರ್ಚಿ ತಂದು ಶೆಡ್ಡಿನ ನಡುವೆ ನಿಲ್ಲಿಸಿದರು. ಕೆಂಪು ಕಪ್ಪು ಬಣ್ಣ, ಎರಡು ಭುಜಕ್ಕೂ ರೆಕ್ಕೆ, ಕುತ್ತಿಗೆಗೆ ದಿಂಬು, ಪಕ್ಕದಲ್ಲಿ ಒಂದು ಹಿಡಿಕೆ. ಹಿಡಿಕೆ ಎಳೆದರೆ ಬೆನ್ನು ಮಲಗುತ್ತಿತ್ತು.

ರೆಕ್ಸಿನ್ ಹೊಡೆಯುವ ಹಿರಿಯ ಅದನ್ನು ಸುತ್ತು ಹಾಕಿ ನೋಡಿ, “ಯಾವ ಕಾರಿನ ಸೀಟು ಕಿತ್ಕೊಂಡು ಬಂದ್ರಿ ಸಾರ್? ಕಾರಿನವ್ರು ಹುಡುಕ್ಕೊಂಡು ಬಂದಾರು, ಬಾಗಿಲು ಹಾಕ್ಲಾ?” ಎಂದ.

“ಇದು ಗೇಮಿಂಗ್ ಕುರ್ಚಿ ಕಣಯ್ಯಾ,” ಎಂದರು ಮಾಲೀಕರು. “ಈಗ ಪ್ರಪಂಚದಲ್ಲೆಲ್ಲಾ ಜನ ಕಂಪ್ಯೂಟರ್ ಮುಂದೆ ಕೂತು ಆಟ ಆಡ್ತಾರೆ. ಕೂತು ಆಡ್ತಾರೆ! ಫುಟ್‌ಬಾಲ್ ಆಡೋವ್ರಿಗೆ ಯಾವತ್ತಾದ್ರೂ ಕುರ್ಚಿ ಮಾರಿದೀವಾ ನಾವು?”

ಮಾಲೀಕರಿಗೆ ಒಂದು ನಂಬಿಕೆಯಿತ್ತು. ಜಾಹೀರಾತಿನಲ್ಲಿ ಅಂಕಿ ಇಲ್ಲದಿದ್ದರೆ ಜನ ಅದನ್ನು ಓದುವುದೇ ಇಲ್ಲ ಎಂದು. ‘ಗಟ್ಟಿಮುಟ್ಟಾದ ಸ್ಟೂಲು’ ಎಂದು ಬರೆದಾಗ ಒಬ್ಬನೂ ಫೋನು ಮಾಡಿರಲಿಲ್ಲ. ‘ಮೂರು ಪಟ್ಟು ಗಟ್ಟಿಮುಟ್ಟಾದ ಸ್ಟೂಲು’ ಎಂದು ತಿದ್ದಿದ ಮೇಲೆ ಶೆಡ್ಡು ಖಾಲಿಯಾಗಿತ್ತು. ಯಾವುದಕ್ಕಿಂತ ಮೂರು ಪಟ್ಟು ಎಂದು ಯಾರೂ ಕೇಳಲಿಲ್ಲ.

“ನಮ್ಮ ವೆಬ್‌ಸೈಟಿಗೆ ನಾಲ್ಕು ಸಾಲು ಬರಿ,” ಎಂದು ನೋಡೋಣಪ್ಪನಿಗೆ ಅಪ್ಪಣೆಯಾಯಿತು. “ಪಿಸಿ ಗೇಮಿಂಗು ಜಗತ್ತಿನಾದ್ಯಂತ ಶೇಕಡಾ ಎಷ್ಟು ಬೆಳೆದಿದೆ, ಅದೊಂದು ಗಟ್ಟಿಯಾಗಿ ಇರ್ಲಿ. ದೊಡ್ಡ ಅಂಕಿ ಇರ್ಲಿ. ನಿಜಾನೂ ಆಗಿರ್ಲಿ.”

“ನೋಡೋಣ ಸಾರ್.”

ಮರುದಿನ ಅವನು ಮನೆಯಿಂದಲೇ ಕೆಲಸ ಮಾಡಬೇಕಾಯಿತು. ಅತ್ತೆಗೆ ಜ್ವರ, ಹೆಂಡತಿ ಕನ್ನಡಕದ ಅಂಗಡಿಯ ಕೆಲಸಕ್ಕೆ ಹೋಗಲೇಬೇಕು. ಅತ್ತೆ ಮಗಳ ಮನೆಯಲ್ಲೇ ಇದ್ದವರು. ಅವರಿಗೆ ಇದ್ದ ಒಂದೇ ಕೊರಗೆಂದರೆ ಅವರ ಕಾಯಿಲೆಗಳೆಲ್ಲ ಸಣ್ಣವು. ಮೇಲಿನ ಮನೆಯಾಕೆಗೆ ಬಂದದ್ದೆಲ್ಲ ಭಾರಿ ಕಾಯಿಲೆ, ದೊಡ್ಡ ದೊಡ್ಡ ಸ್ಕ್ಯಾನು. ಅತ್ತೆಗೆ ಜ್ವರ ಬಂದರೆ ತೊಂಬತ್ತೊಂಬತ್ತು ದಾಟುತ್ತಿರಲಿಲ್ಲ. ‘ಅಷ್ಟೇನಾ!’ ಎಂದು ಮೇಲಿನ ಮನೆಯಾಕೆ ಹೇಳಿದ್ದು ಅವರ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು.

ನೋಡೋಣಪ್ಪ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪು ತೆರೆದು ಅಂಕಿ ಹುಡುಕಲು ಕೂತ. ಹುಡುಕಿದ ಕೂಡಲೇ ಒಂದಲ್ಲ, ಲಕ್ಷಾಂತರ ಅಂಕಿಗಳು ಅವನ ಮೇಲೆ ಮುಗಿಬಿದ್ದವು. ಒಂದು ತಾಣ ಶೇಕಡಾ ಎಂಟು ಎನ್ನುತ್ತಿತ್ತು. ಇನ್ನೊಂದು ಅರವತ್ತು ಎನ್ನುತ್ತಿತ್ತು. ಮತ್ತೊಂದು, ಪಿಸಿ ಗೇಮಿಂಗ್ ಸತ್ತು ಬಹಳ ಕಾಲವಾಯಿತೆಂದು ಸಂತಾಪ ಸೂಚಿಸಿತ್ತು. ಎಲ್ಲವೂ ‘ಪರಿಣತರ ಪ್ರಕಾರ’. ಯಾವ ಪರಿಣತರು ಎಂದು ಒತ್ತಿದರೆ ಬೇರೊಂದು ತಾಣ. ಅಲ್ಲಿ ಒತ್ತಿದರೆ ಮತ್ತೊಂದು. ಅಲ್ಲಿ ಒತ್ತಿದರೆ ಹೊರಟಲ್ಲಿಗೇ ವಾಪಸ್ಸು. ಕತ್ತಲಲ್ಲಿ ತನ್ನ ಮನೆಯ ಬಾಗಿಲನ್ನೇ ಬಡಿದು ಯಾರಿದ್ದೀರಿ ಎಂದು ಕೇಳಿದ ಹಾಗಾಯಿತು ಅವನಿಗೆ. ಕೊನೆಗೆ ಬೇಸತ್ತು, ಕಾರ್ಖಾನೆಯ ವೆಬ್‌ಸೈಟಿನ ಪುಟದಲ್ಲಿ ‘ಪಿಸಿ ಗೇಮಿಂಗ್ ಕಳೆದ ವರ್ಷ ಜಗತ್ತಿನಾದ್ಯಂತ ಶೇಕಡಾ’ ಎಂದು ಬರೆದು, ಜಾಗ ಬಿಟ್ಟು, ‘ರಷ್ಟು ಬೆಳೆದಿದೆ’ ಎಂದು ಮುಗಿಸಿದ. ಅಂಕಿಯನ್ನು ಆಮೇಲೆ ನೋಡೋಣ.

ಆಗಲೇ ಹೆಂಡತಿಯ ಫೋನು ಬಂತು. “ಅಮ್ಮಂಗೆ ಜ್ವರ ನೋಡಿದ್ರಾ?”

“ನೋಡೋಣ ಅಂತಿದ್ದೆ.”

“ಈಗ್ಲೇ ನೋಡಿ. ನೋಡಿ ಬರ್ದಿಡಿ. ಡಾಕ್ಟ್ರು ಫೋನ್ ಮಾಡ್ತಾರೆ, ಆಗ ‘ಸುಮಾರಾಗಿದೆ’ ಅನ್ಬೇಡಿ. ಅಂಕಿ ಹೇಳಿ.”

ಅಲ್ಲಿ ಮಾಲೀಕರಿಗೂ ಅಂಕಿ, ಇಲ್ಲಿ ಡಾಕ್ಟರಿಗೂ ಅಂಕಿ. ನೋಡೋಣಪ್ಪ ಥರ್ಮಾಮೀಟರು ಇಟ್ಟು ತೆಗೆದು ಬೆಳಕಿಗೆ ಹಿಡಿದ.

“ಎಷ್ಟು ಅಳಿಯಂದ್ರೇ?” ಎಂದರು ಅತ್ತೆ, ಕಣ್ಣು ಮುಚ್ಚಿಕೊಂಡೇ.

“ನೂರಾ ಒಂದು ಪಾಯಿಂಟ್ ನಾಲ್ಕು.”

ಅತ್ತೆ ಕಣ್ಣು ಬಿಟ್ಟರು. “ಇನ್ನೊಂದ್ಸಲ ಹೇಳಿ.”

“ನೂರಾ ಒಂದು ಪಾಯಿಂಟ್ ನಾಲ್ಕು ಅತ್ತೆ.”

“ಹ್ಞಾಂ,” ಎಂದು ಅವರು ತೃಪ್ತಿಯಿಂದ ಮಗ್ಗುಲು ಬದಲಿಸಿದರು. “ಮೇಲಿನ ಮನೆಯವಳಿಗೆ ಒಂದು ಮಾತು ಹೇಳಿ ಬನ್ನಿ.”

ಬರೆದಿಡಲು ಪೆನ್ನು ಬೇಕಿತ್ತು. ಆ ಮನೆಯ ಪೆನ್ನುಗಳೆಲ್ಲ ಬೇಕಾದಾಗ ಮಾಯವಾಗುವ ಜಾತಿಯವು. ಎದುರಿಗೆ ಲ್ಯಾಪ್‌ಟಾಪು ತೆರೆದಿತ್ತು. ಅದರಲ್ಲಿ, ಅಂಕಿಗೆಂದೇ ಮಾಡಿಸಿದಂತೆ, ಒಂದು ಖಾಲಿ ಜಾಗವೂ ಇತ್ತು. ನೋಡೋಣಪ್ಪ ಅಲ್ಲಿ ‘101.4’ ಎಂದು ಒತ್ತಿದ. ಡಾಕ್ಟರಿಗೆ ಹೇಳಿದ ಮೇಲೆ ಅಳಿಸಿದರಾಯಿತು.

ಡಾಕ್ಟರು ಫೋನು ಮಾಡಿದರು, ಅಂಕಿ ಕೇಳಿದರು, ಮಾತ್ರೆ ಹೇಳಿದರು. ನೋಡೋಣಪ್ಪ ಬಿಸಿನೀರಿಡಲು ಅಡುಗೆಮನೆಗೆ ಹೋದ, ಅಲ್ಲಿಂದ ಮೇಲಿನ ಮನೆಗೆ ಸುದ್ದಿ ಮುಟ್ಟಿಸಲು ಹೋದ, ಬಂದು ಹಣೆಗೆ ಬಟ್ಟೆ ಹಾಕಿದ, ಹಾಗೇ ಅಂಕಿಯನ್ನು ಮರೆತ. ಆದರೆ ಆ ಪುಟವನ್ನು ಅತ್ತ ಕಾರ್ಖಾನೆಯಲ್ಲಿ ಮಾಲೀಕರೂ ತಮ್ಮ ಫೋನಿನಲ್ಲಿ ತೆರೆದುಕೊಂಡು ಕಾಯುತ್ತ ಕೂತಿದ್ದರು. ಖಾಲಿ ಜಾಗದಲ್ಲಿ ಅಂಕಿ ಮೂಡಿದ್ದೇ ತಡ, ಕುರ್ಚಿಯಿಂದ ಮೂರಾಳು ಎತ್ತರ ಹಾರಿ, ಕೆಳಗೆ ಬರುವಷ್ಟರಲ್ಲಿ ‘ಪ್ರಕಟಿಸು’ ಎಂಬ ಗುಂಡಿ ಒತ್ತಿಬಿಟ್ಟರು.

ಮರುದಿನ ಕಾರ್ಖಾನೆಯಲ್ಲಿ ನೋಡೋಣಪ್ಪನಿಗೆ ಟೀ ಕಪ್ಪು ಸಾಸರಿನ ಸಮೇತ ಬಂತು. ಹಾಗೆ ಹಿಂದೆಂದೂ ಬಂದಿರಲಿಲ್ಲ.

“ನೂರಾ ಒಂದು ಪಾಯಿಂಟ್ ನಾಲ್ಕು!” ಎಂದರು ಮಾಲೀಕರು. “ಆ ಪಾಯಿಂಟ್ ನಾಲ್ಕು ಇದೆ ನೋಡು, ಅದರಲ್ಲೇ ಇರೋದು ಮಜಾ. ಬರೀ ನೂರು ಅಂದಿದ್ರೆ ಸುಳ್ಳು ಅಂತಿದ್ದೆ. ಎಲ್ಲಿ ಸಿಕ್ತಯ್ಯಾ?”

ನೋಡೋಣಪ್ಪ ಪರದೆಯನ್ನು ನೋಡಿದ. ಅಂಕಿಯ ಮುಖಪರಿಚಯವೇನೋ ಇತ್ತು, ಎಲ್ಲಿ ಭೇಟಿಯಾದದ್ದು ಎಂಬುದು ನೆನಪಾಗಲಿಲ್ಲ. ಅಷ್ಟೊಂದು ತಾಣ ಜಾಲಾಡಿದ್ದೆನಲ್ಲ, ಎಲ್ಲೋ ಒಂದು ಕಡೆ ಓದಿರಬೇಕು. ಸಂಶಯ ಬೇಡವೆಂದು ಮತ್ತೆ ಹುಡುಕಿದ. ಸಿಕ್ಕೇಬಿಟ್ಟಿತು! ಐದು ಖಂಡಗಳಲ್ಲಿ ಕಚೇರಿಗಳಿರುವ ‘ವಿಶ್ವ ಗೇಮ್ ವರದಿ’ ಎಂಬ ಘನವಾದ ತಾಣದಲ್ಲಿ ಅದೇ ಅಂಕಿ ಕೆಂಪಕ್ಷರದಲ್ಲಿ ಹೊಳೆಯುತ್ತಿತ್ತು: ‘ಪಿಸಿ ಗೇಮಿಂಗ್ ಬೆಳವಣಿಗೆ ಶೇ. 101.4: ಆಸನ ಕ್ಷೇತ್ರದ ಹಿರಿಯ ವಿಶ್ಲೇಷಕರ ಹೇಳಿಕೆ.’

“ಇಲ್ಲೇ ಸಾರ್, ಇಲ್ಲೇ ಸಿಕ್ಕಿದ್ದು,” ಎಂದು ಅವನು ಉಸಿರು ಬಿಟ್ಟ.

ವಾರ ಕಳೆಯುವುದರೊಳಗೆ ಆ ಅಂಕಿ ಸಮುದ್ರಗಳನ್ನು ದಾಟಿತು. ಒಂದು ತಾಣ ಅದಕ್ಕೆ ಏರುವ ಗೆರೆಯೊಂದನ್ನು ಬರೆಯಿತು. ಮತ್ತೊಂದು, ನಿಖರತೆಗಾಗಿ, 101.43 ಎಂದಿತು. ಟೈ ಕಟ್ಟಿದ ಒಬ್ಬಾತ ಇದೇ ವೇಗದಲ್ಲಿ ಹೋದರೆ ಬರುವ ವರ್ಷ ನೂರಾ ಮೂರು, ಅದರಾಚೆ ನೂರಾ ಐದು ಎಂದು ಭವಿಷ್ಯ ನುಡಿದ. ನೋಡೋಣಪ್ಪ ದಿನವೂ ಓದಿ ಬೆರಗಾಗುತ್ತಿದ್ದ. ಆ ಆಸನ ಕ್ಷೇತ್ರದ ಹಿರಿಯ ವಿಶ್ಲೇಷಕ ಯಾರೋ, ಎಷ್ಟು ಓದಿಕೊಂಡಿದ್ದಾನೋ! ಆತ ಖಂಡಿತ ಸ್ಟೂಲಿನ ಮೇಲೆ ಕೂರುವವನಲ್ಲ ಎಂದು ಅವನಿಗೆ ಒಂದಿಷ್ಟು ಹೊಟ್ಟೆಕಿಚ್ಚೂ ಆಯಿತು.

ಇಲ್ಲಿಯವರೆಗೆ ಯಾರಿಗೂ ನಷ್ಟವಾಗಿರಲಿಲ್ಲ. ಅಷ್ಟರಲ್ಲಿ ಭಾವಮೈದ ಬಂದ.

ನೋಡೋಣಪ್ಪನ ಹೆಂಡತಿಯ ಈ ತಮ್ಮನಿಗೆ ಬೀದಿಯ ತಿರುವಿನಲ್ಲಿ ಒಂದು ಸಲೂನು. ನೆಲಕ್ಕೆ ಬೋಲ್ಟು ಹಾಕಿದ ಎರಡು ಭಾರಿ ಕುರ್ಚಿ, ಎದುರುಬದುರು ಎರಡು ಕನ್ನಡಿ, ಗೋಡೆಗೆ ಕಾಯುವವರ ಬೆಂಚು. ಅವನ ಕತ್ತರಿ ನಡೆಯುವಾಗ ಹಕ್ಕಿಗಳು ಬಂದು ಕಿಟಕಿಯಲ್ಲಿ ಕೂತು ತಾಳ ಕಲಿಯುತ್ತಿದ್ದವು; ಇದು ಉತ್ಪ್ರೇಕ್ಷೆಯಲ್ಲ, ಒಂದು ಹಕ್ಕಿ ನನಗೇ ಹೇಳಿದೆ. ಕೈಯಲ್ಲಿ ಅಷ್ಟು ಹದವಿದ್ದರೂ ಅವನ ಮನಸ್ಸು ಮಾತ್ರ ದೊಡ್ಡದೇನಾದರೂ ಮಾಡಬೇಕೆಂದು ತುಡಿಯುತ್ತಿತ್ತು.

ವಾರದ ರಜೆಯ ದಿನ ಅಕ್ಕನ ಮನೆಯ ಹಜಾರದಲ್ಲಿ ನಿಂತು ಅವನು ಘೋಷಿಸಿದ. “ಭಾವ, ನಾನು ಸಲೂನು ಮುಚ್ತಾ ಇದೀನಿ. ಗೇಮಿಂಗ್ ಸೆಂಟರ್ ಮಾಡ್ತೀನಿ. ಕಂಪ್ಯೂಟರು ಬಾಡಿಗೆಗೆ ಸಿಗುತ್ತೆ. ನನ್ನ ಎರಡು ಕುರ್ಚಿ, ಕನ್ನಡಿ ಎಲ್ಲಾ ಪಕ್ಕದ ಬೀದಿ ಸಲೂನಿನವನು ತಗೊಳ್ತೀನಿ ಅಂದಿದಾನೆ.”

“ಗಿರಾಕಿಗಳು?” ಎಂದಳು ಅಕ್ಕ.

“ಅವ್ರನ್ನೂ ಅವನೇ ತಗೊಳ್ತಾನೆ.”

“ಲೋ, ತಲೆ ಕೆಟ್ಟಿದೆಯೇನೋ ನಿಂಗೆ? ಕುರ್ಚಿ ಹೋದ್ರೆ ಇನ್ನೊಂದು ತರಬಹುದು. ಒಂದ್ಸಲ ಬೇರೆ ಕಡೆ ತಲೆ ಕೊಟ್ಟ ಗಿರಾಕಿ ವಾಪಸ್ ಬರ್ತಾನಾ? ನಾಳೆ ಆಟ ಆಡೋಕೆ ಯಾರೂ ಬರ್ಲಿಲ್ಲ ಅಂದ್ರೆ ಹೊಟ್ಟೆಗೇನು ಮಾಡ್ತೀಯಾ?”

“ಅಕ್ಕಾ, ನೂರಾ ಒಂದು ಪಾಯಿಂಟ್ ನಾಲ್ಕು!”

“ಕೂದ್ಲು ದಿನಾ ಬೆಳೆಯುತ್ತೆ ಕಣೋ. ಅದಕ್ಕೆ ಯಾವ ವಿಶ್ಲೇಷಕನೂ ಬೇಕಾಗಿಲ್ಲ.”

“ಕೂದ್ಲು ಶೇಕಡಾ ನೂರಾ ಒಂದು ಬೆಳೆಯುತ್ತಾ?” ಎಂದು ಅವನು ಗುಡುಗಿದ. “ನೂರಾ ಒಂದು ಪಾಯಿಂಟ್ ನಾಲ್ಕು! ಇಡೀ ಪ್ರಪಂಚವೇ ಇದರ ಬಗ್ಗೆ ಮಾತಾಡ್ತಿದೆ!”

ಒಳಕೋಣೆಯಲ್ಲಿ ಇನ್ನೂ ಸುಸ್ತಿನಿಂದ ಮಲಗಿದ್ದ ಅತ್ತೆಗೆ ಇದು ಕೇಳಿಸಿತು. ಮಗ ತನ್ನ ಜ್ವರವನ್ನು ಇಷ್ಟು ಹಚ್ಚಿಕೊಂಡಾನೆಂದು ಅವರು ಎಣಿಸಿರಲಿಲ್ಲ. “ಪ್ರಪಂಚಕ್ಕೆಲ್ಲಾ ಯಾಕಪ್ಪಾ ಹೇಳೋಕೋದೆ?” ಎಂದು ಅಲ್ಲಿಂದಲೇ ಕ್ಷೀಣವಾಗಿ ಕೂಗಿದರು. “ಮೇಲಿನ ಮನೆಯವಳಿಗೆ ಗೊತ್ತಾದ್ರೆ ಸಾಕಿತ್ತು.”

“ಬರೋ ವರ್ಷ ಇನ್ನೂ ಏರುತ್ತಂತೆ ಅಮ್ಮಾ! ನೂರಾ ಮೂರಂತೆ!”

“ಅಯ್ಯೋ, ಬರೋ ವರ್ಷಾನೂ ಬರುತ್ತಾ?”

“ಬರೋ ವರ್ಷ ಏನು, ಇನ್ನು ಹತ್ತು ವರ್ಷ ಇಳಿಯೋದೇ ಇಲ್ಲ!”

ಒಳಗಿನಿಂದ ಒಂದು ನರಳಾಟ ಕೇಳಿಸಿತು. ಜ್ವರದ ಕನವರಿಕೆ ಎಂದುಕೊಂಡು ಮಗಳು ಬಾಗಿಲು ಮುಂದೆ ಮಾಡಿದಳು. ಆಮೇಲೆ ಗಂಡನ ಕಡೆ ತಿರುಗಿ, “ನೀವಾದ್ರೂ ಹೇಳ್ರೀ ಇವ್ನಿಗೆ. ಆ ಅಂಕಿ ನಿಜಾನಾ?” ಎಂದಳು.

ಭಾವಮೈದ ಅವನ ಮುಖವನ್ನೇ ನೋಡುತ್ತ ನಿಂತ. ಭಾವ ಇಲ್ಲ ಎಂದರೆ ಇಲ್ಲ, ಹೌದು ಎಂದರೆ ಹೌದು. ಒಂದು ಸಲೂನಿನ ಆಯುಸ್ಸು ನೋಡೋಣಪ್ಪನ ನಾಲಿಗೆಯ ತುದಿಯಲ್ಲಿ ತೂಗುತ್ತಿತ್ತು. ಜೀವಮಾನವಿಡೀ ಯಾವುದನ್ನೂ ಖಚಿತವಾಗಿ ಹೇಳದ ಆ ಮಹಾನುಭಾವ ಅವತ್ತೇ, ಮೊದಲ ಬಾರಿಗೆ, ಎದೆ ಸೆಟೆದು ಹೇಳಿದ: “ನೋಡಿದೀನಿ. ನಾನೇ ಕಣ್ಣಾರೆ ನೋಡಿದೀನಿ. ಸುಳ್ಳಾಗಿದ್ರೆ ಅಷ್ಟೊಂದು ಕಡೆ ಯಾಕಿರುತ್ತೆ?”

ಮುಗಿಯಿತು.

ಅಂಗಡಿಯ ಪರವಾನಗಿ ಬದಲಿಸಲು ಇಬ್ಬರೂ ಕಚೇರಿಗೆ ಹೋದರು. ಅಲ್ಲಿನ ಅಧಿಕಾರಿ ಯಾವುದನ್ನೂ ಒಂದೇ ಏಟಿಗೆ ಒಪ್ಪುವವರಲ್ಲ. ತಮ್ಮ ಹುಟ್ಟಿದ ದಿನವನ್ನೂ ಎರಡು ಸಾಕ್ಷಿ ಕೇಳಿಯೇ ನಂಬಿದವರು.

“ಕ್ಷೌರದಿಂದ ಕಂಪ್ಯೂಟರ್ ಆಟಕ್ಕಾ? ಯಾರು ಹೇಳಿದ್ದು ಇದು ಬೆಳೆಯೋ ವ್ಯವಹಾರ ಅಂತ?”

ಭಾವಮೈದ ಫೋನಿನಲ್ಲಿ ವಿಶ್ವ ಗೇಮ್ ವರದಿಯನ್ನು ತೋರಿಸಿದ. ಅಧಿಕಾರಿ ಕನ್ನಡಕ ಏರಿಸಿ ಓದಿದರು. “ಹಿರಿಯ ವಿಶ್ಲೇಷಕರು ಅಂತಿದೆ. ಕಿರಿಯರು ಅಂದಿದ್ರೆ ಬಿಡ್ತಿರ್ಲಿಲ್ಲ.” ಮುದ್ರೆ ಬಿತ್ತು. ಆಮೇಲೆ ಅವರು ದನಿ ತಗ್ಗಿಸಿ, “ನನ್ನ ಮಗಳು ದಿನವೆಲ್ಲಾ ಅದೇ ಆಡ್ತಾ ಕೂತಿರ್ತಾಳೆ ಕಣ್ರೀ. ಬೈತಾ ಇದ್ದೆ. ಇನ್ಮೇಲೆ ಬೈಯಲ್ಲ. ನೂರಾ ಒಂದು ಪಾಯಿಂಟ್ ನಾಲ್ಕು ಅಂದ್ರೆ ತಮಾಷೇನಾ?” ಎಂದರು.

ಸಲೂನು ಖಾಲಿ ಮಾಡುವ ದಿನ ಬೀದಿಯೆಲ್ಲ ಅಲ್ಲಿ ನೆರೆದಿತ್ತು. ಮಾಲೀಕರು ಗಾಡಿಯ ತುಂಬ ಕೆಂಪು ಕಪ್ಪು ಕುರ್ಚಿಗಳನ್ನು ಹೇರಿಸಿಕೊಂಡು ನೋಡೋಣಪ್ಪನ ಜೊತೆ ಖುದ್ದಾಗಿ ಬಂದು, ಎರಡನ್ನು ಆಗಲೇ ಬಾಗಿಲ ಬಳಿ ಇಳಿಸಿದ್ದರು. ಪಕ್ಕದ ಬೀದಿಯ ಸಲೂನಿನವನು ಒಂದು ಕನ್ನಡಿಗೆ ಹೊದಿಕೆ ಸುತ್ತುತ್ತ, ಬೆಂಚಿನ ಮೇಲಿದ್ದ ಖಾಯಂ ಗಿರಾಕಿಗಳಿಗೆ ಮೆಲ್ಲಗೆ ತನ್ನ ಅಂಗಡಿಯ ದಾರಿ ಹೇಳುತ್ತಿದ್ದ. ಭಾವಮೈದ ನೆಲಕ್ಕೆ ಕೂತು ಮೊದಲನೆಯ ಕುರ್ಚಿಯ ಬೋಲ್ಟು ಬಿಚ್ಚುತ್ತಿದ್ದ. ಮೂರು ಬಿಚ್ಚಿ ಆಗಿತ್ತು. ನಾಲ್ಕನೆಯದು ತುಕ್ಕು ಹಿಡಿದು ಅಲ್ಲಾಡದೆ ಕೂತಿತ್ತು. ಅವನ ಕೈ ಯಾಕೋ ಅದರ ಮೇಲೆ ಹೆಚ್ಚು ಜೋರು ಮಾಡುತ್ತಿರಲಿಲ್ಲ.

ಅದೇ ಹೊತ್ತಿಗೆ ಅತ್ತೆ ಮಗಳ ತೋಳು ಹಿಡಿದು ಬಂದರು. ಜ್ವರ ಬಿಟ್ಟ ಮೇಲೆ ಅದೇ ಮೊದಲ ಹೊರಸಂಚಾರ. ಮೇಲಿನ ಮನೆಯಾಕೆಯೂ ಹಿಂದೆ ಇದ್ದಳು.

“ಹೇಗಿದೀರಿ ಈಗ?” ಎಂದು ಬೆಂಚಿನಿಂದ ಯಾರೋ ಕೇಳಿದರು. ಅತ್ತೆ ಅದನ್ನೇ ಕಾಯುತ್ತಿದ್ದರು.

“ಈಗೇನೋ ಪರವಾಗಿಲ್ಲ. ಆದ್ರೆ ಅವತ್ತು ಎಷ್ಟಿತ್ತು ಗೊತ್ತಾ? ನೂರಾ...”

ಅಲ್ಲಿಗೆ ನಿಲ್ಲಿಸಿದರು. ಎದುರು ಗೋಡೆಗೆ ಹೊಸ ಬೋರ್ಡು ಒರಗಿಸಿಟ್ಟಿತ್ತು. ಅಂಗಡಿಯ ಹೆಸರಿನ ಕೆಳಗೆ ಆಳೆತ್ತರದ ಅಕ್ಷರಗಳು: ‘ಜಗತ್ತಿನ ಬೆಳವಣಿಗೆ ಶೇ. 101.4! ಈಗ ನಿಮ್ಮ ಬೀದಿಯಲ್ಲಿ!’ ಅತ್ತೆ ಕನ್ನಡಕ ಸರಿಮಾಡಿಕೊಂಡು ಒಮ್ಮೆ ಓದಿದರು. ಹತ್ತಿರ ಹೋಗಿ ಇನ್ನೊಮ್ಮೆ ಓದಿದರು.

“ಲೋ,” ಎಂದರು ಮಗನಿಗೆ. “ನನ್ನ ಜ್ವರಾನ ಯಾಕೋ ಬೋರ್ಡ್ ಮೇಲೆ ಬರ್ಸಿದೀಯಾ?”

ಸಲೂನಿನಲ್ಲಿ ಎಂಥ ಮೌನ ಕವಿಯಿತೆಂದರೆ, ನೆಲದ ಮೇಲಿದ್ದ ಕೂದಲು ಬೆಳೆಯುವ ಸದ್ದೂ ಕೇಳಿಸುತ್ತಿತ್ತು.

“ಅಮ್ಮಾ, ಅದು ಪಿಸಿ ಗೇಮಿಂಗ್ ಬೆಳವಣಿಗೆ,” ಎಂದ ಮಗ.

“ಯಾವ ಬೆಳವಣಿಗೇನೋ? ಅಳಿಯಂದ್ರೇ ನೋಡಿ ಹೇಳಿದ್ದು. ನೂರಾ ಒಂದು ಪಾಯಿಂಟ್ ನಾಲ್ಕು. ನನ್ನ ಬಾಯಲ್ಲಿಟ್ಟು ತೆಗೆದಿದ್ದು!”

ಎಲ್ಲರೂ ನೋಡೋಣಪ್ಪನ ಕಡೆ ತಿರುಗಿದರು. ಅವನ ತಲೆಯೊಳಗೆ ಬಿಸಿನೀರು, ಮಾಯವಾದ ಪೆನ್ನು, ಖಾಲಿ ಜಾಗ, ಒಂದೊಂದಾಗಿ ಬಂದು ಸಾಲಾಗಿ ನಿಂತವು. ಆದರೂ ಅವನು ಅಷ್ಟು ಸುಲಭಕ್ಕೆ ಬಗ್ಗಲಿಲ್ಲ.

“ಕಾಕತಾಳೀಯ ಇರಬೇಕು ಅತ್ತೆ,” ಎಂದ ಒಣಗಿದ ದನಿಯಲ್ಲಿ. “ಹಿರಿಯ ವಿಶ್ಲೇಷಕರು...”

ಹೆಂಡತಿ ಫೋನು ತೆಗೆದು ಒತ್ತುತ್ತ ಹೋದಳು. ಗೆರೆ ಬರೆದವನು ಟೈ ಕಟ್ಟಿದವನನ್ನು ತೋರಿಸಿದ. ಟೈ ಕಟ್ಟಿದವನು 101.43ರವನನ್ನು ತೋರಿಸಿದ. ಅವನು ವಿಶ್ವ ಗೇಮ್ ವರದಿಯನ್ನು ತೋರಿಸಿದ. ವಿಶ್ವ ಗೇಮ್ ವರದಿಯಲ್ಲಿ ‘ಹಿರಿಯ ವಿಶ್ಲೇಷಕರು’ ಎಂಬಲ್ಲಿ ಒತ್ತಿದಳು. ಕೆಂಪು ಕಪ್ಪು ಕುರ್ಚಿಯ ಚಿತ್ರದೊಂದಿಗೆ ಇವರದೇ ಕಾರ್ಖಾನೆಯ ಪುಟ ತೆರೆದುಕೊಂಡಿತು. ಅವಳು ಅದನ್ನು ಗಂಡನ ಮೂಗಿನ ಹತ್ತಿರ ಹಿಡಿದಳು.

“ಸಿಕ್ಕಿದ್ರು ನೋಡಿ, ನಿಮ್ಮ ವಿಶ್ಲೇಷಕರು.”

ಜೀವಮಾನದಲ್ಲಿ ಒಬ್ಬ ವಿದ್ವಾಂಸನ ಬಗ್ಗೆ ಹೊಟ್ಟೆಕಿಚ್ಚು ಪಟ್ಟಿದ್ದನಲ್ಲ ನೋಡೋಣಪ್ಪ, ಆ ವಿದ್ವಾಂಸ ತಾನೇ ಎಂದು ತಿಳಿದಾಗ ಅವನಿಗೆ ಕೂರಬೇಕೆನ್ನಿಸಿತು. ಕೂತ. ಮೂರು ಬೋಲ್ಟು ಬಿಚ್ಚಿದ್ದ ಕುರ್ಚಿ ಅವನೊಂದಿಗೇ ಓರೆಯಾಯಿತು. ನಾಲ್ಕನೆಯ ಬೋಲ್ಟು ಅವನನ್ನು ಹಿಡಿದುಕೊಂಡಿತು.

“ತಪ್ಪಾಯ್ತು ಕಣಪ್ಪಾ,” ಎಂದ ಭಾವಮೈದನಿಗೆ, ಓರೆಯಾಗಿಯೇ. “ಅದು ಅತ್ತೆ ಜ್ವರ.”

ಮೊದಲು ಬಾಯಿ ಬಿಟ್ಟವರು ಮಾಲೀಕರು. “ಈಗ ಎಷ್ಟಿದೆ ಅಮ್ಮಾ?”

“ತೊಂಬತ್ತೆಂಟು ಪಾಯಿಂಟ್ ಆರು.”

“ಅಂದ್ರೆ ಮಾರುಕಟ್ಟೆ ಬಿತ್ತು,” ಎಂದು ಅವರು ಗಾಡಿಯ ಕಡೆ ನೋಡಿ ನಿಟ್ಟುಸಿರಿಟ್ಟರು.

ಭಾವಮೈದ ಕೈಯಲ್ಲಿದ್ದ ಮೂರು ಬೋಲ್ಟುಗಳನ್ನು ನೋಡಿದ, ಭಾವನನ್ನು ನೋಡಿದ, ಅಮ್ಮನ ಹಣೆ ಮುಟ್ಟಿ ನೋಡಿದ. ಆಮೇಲೆ ಮಂಡಿಯೂರಿ ಬೋಲ್ಟುಗಳನ್ನು ಮತ್ತೆ ಬಿಗಿಯತೊಡಗಿದ. ಎಂದೂ ಅಷ್ಟು ಬಿಗಿಯಾಗಿ ಬಿಗಿದಿರಲಿಲ್ಲ. ಪಕ್ಕದ ಬೀದಿಯವನು ಕನ್ನಡಿಯ ಹೊದಿಕೆಯನ್ನು ತಾನೇ ಬಿಚ್ಚಿಟ್ಟು, ಯಾರಿಗೂ ಹೇಳದೆ ಹೊರಟುಹೋದ. ಬೆಂಚಿನಿಂದ ಒಬ್ಬ ಎದ್ದು, “ಹಾಗಾದ್ರೆ ನನ್ನ ಕಟಿಂಗು?” ಎಂದ.

“ಕೂತ್ಕೊಳಿ ಸಾರ್,” ಎಂದ ಭಾವಮೈದ. “ಬೆಳೆದಿರೋದು ಕಣ್ಣಿಗೇ ಕಾಣ್ತಿದೆ.”

ಬಾಗಿಲ ಬಳಿ ಇಳಿಸಿದ್ದ ಎರಡು ಕೆಂಪು ಕುರ್ಚಿಗಳಲ್ಲಿ ಒಂದರಲ್ಲಿ ಅತ್ತೆ ಆಗಲೇ ಕೂತಿದ್ದರು. ಹಿಡಿಕೆ ಎಳೆದರು, ಬೆನ್ನು ಮಲಗಿತು, ಕುತ್ತಿಗೆಗೆ ದಿಂಬು ಬಂತು. “ಇದ್ರಲ್ಲಿ ಮುಖ ಕ್ಷೌರ ಮಾಡ್ಬಹುದಲ್ಲೋ,” ಎಂದರು ಕಣ್ಣು ಮುಚ್ಚಿ. ಹಾಗೆ ಒಂದು ಕುರ್ಚಿ ಸಲೂನಿನಲ್ಲಿ ಉಳಿಯಿತು. ಇನ್ನೊಂದು, ರೆಕ್ಕೆಯ ಹೊಲಿಗೆ ಬಿಟ್ಟಿದ್ದರಿಂದ, ನೋಡೋಣಪ್ಪನ ಸ್ಟೂಲಿನ ಜಾಗಕ್ಕೆ ಬಂತು. ‘ಹಿರಿಯ ವಿಶ್ಲೇಷಕ ಸ್ಟೂಲಿನ ಮೇಲೆ ಕೂತ್ರೆ ಕಾರ್ಖಾನೆಗೇ ಅವಮಾನ’ ಎಂದರಂತೆ ಮಾಲೀಕರು. ಮಿಕ್ಕವನ್ನು ಅವರು ‘ಬೆನ್ನುನೋವಿಗೆ ಮೂರು ಪಟ್ಟು ಉತ್ತಮ’ ಎಂದು ಬರೆಸಿ ಮಾರಿದರು.

ನೋಡೋಣಪ್ಪ ಮನುಷ್ಯ ಒಳ್ಳೆಯವನು. ಮನೆಗೆ ಹೋಗಿ ವಿಶ್ವ ಗೇಮ್ ವರದಿಗೆ ಪತ್ರ ಬರೆದ: ‘ಮಾನ್ಯರೇ, 101.4 ಎಂಬುದು ತಪ್ಪು. ಈಗ ಇಳಿದು 98.6 ಆಗಿದೆ. ಗಾಬರಿಪಡುವ ಅಗತ್ಯವಿಲ್ಲ.’ ಅತ್ತೆಯ ಜ್ವರದ ವಿಷಯ ಬರೆಯಲು ಸಂಕೋಚವಾಗಿ ಬಿಟ್ಟ. ಮಾರನೆಯ ದಿನ ತಾಣದಲ್ಲಿ ಸುದ್ದಿ ಬಂತು: ‘ಪಿಸಿ ಗೇಮಿಂಗ್ ಕುಸಿತ: ಶೇ. 98.6ಕ್ಕೆ ಇಳಿಕೆ. ಗಾಬರಿ ಬೇಡ, ಹಿರಿಯ ವಿಶ್ಲೇಷಕರ ಅಭಯ.’

ಇಲ್ಲಿಗೆ ಕಥೆ ಮುಗಿಯಿತು. ಏಳು ಸಾವಿರದ ಮುನ್ನೂರು ಮಂದಿ ನಕ್ಕು ಬೀಳಬೇಕಾದದ್ದು ಇಲ್ಲೇ. ನಾನು ಕಾದೆ.

ಆದರೆ ನನ್ನ ಕೆನ್ನೆಯ ಮೇಲೆ ಓಡುತ್ತಿದ್ದ ಕತ್ತಿ ನಿಂತಿತು. ಹೇಳಿರಲಿಲ್ಲ ಅಲ್ಲವೇ, ಈ ಕಥೆ ಹೇಳುವಾಗ ನಾನು ಅದೇ ಸಲೂನಿನಲ್ಲಿ, ಅದೇ ಕೆಂಪು ಕುರ್ಚಿಯಲ್ಲಿ ಅಂಗಾತ ಮಲಗಿದ್ದೆ. ಅರ್ಧ ಮುಖ ನುಣ್ಣಗಾಗಿತ್ತು, ಅರ್ಧ ಮುಖದಲ್ಲಿ ಸೋಪಿನ ನೊರೆ.

“ಎಲ್ಲಾ ಚೆನ್ನಾಗಿ ಹೇಳಿದ್ರಿ ಸಾರ್,” ಎಂದ ಭಾವಮೈದ. “ಬೆಂಚಿನ ಮೇಲೆ ನಾವು ಆಡಿದ್ದನ್ನೇ ಎತ್ತಿ ಹೇಳಿದ್ರಿ. ಆದ್ರೆ ಭಾವ ನಂಗೊಬ್ಬನಿಗೇ ತೋರಿಸಿದ ಕಾಗದದಲ್ಲಿ ‘ಗಾಬರಿಪಡುವ ಅಗತ್ಯವಿಲ್ಲ’ ಅಂತ ಇದ್ದಿದ್ದು ನಮ್ಮ ಅಕ್ಕಂಗೂ ಗೊತ್ತಿಲ್ವಲ್ಲ. ನಿಮಗೆ ಹೇಗೆ ಗೊತ್ತಾಯ್ತು?”

“ಕಥೆ ಅಂದ ಮೇಲೆ ಒಂದೆರಡು ಮಾತು...” ಎಂದೆ.

“ಆ ತಾಣದಲ್ಲಿ ಒಂದು ಫೋಟೋ ಇದೆ,” ಎಂದಿತು ಬೆಂಚಿನಿಂದ ಒಂದು ದನಿ. ಅತ್ತೆ! “‘ನಮ್ಮ ಜಾಗತಿಕ ಕೇಂದ್ರ ಕಚೇರಿ’ ಅಂತ. ಕಿಟಕಿ ಆಚೆ ಒಂದು ಹಗ್ಗ, ಹಗ್ಗದ ಮೇಲೆ ಒಂದು ನೀಲಿ ಹೊದಿಕೆ ಒಣಗ್ತಿದೆ. ಮೂಲೇಲಿ ಹಳದಿ ತೇಪೆ. ಆ ತೇಪೆ ಹಾಕಿದ್ದು ನಾನು. ನಮ್ಮ ಮನೆ ಮುಂದಿನ ಹಗ್ಗ ಕಾಣೋದು ಪ್ರಪಂಚದಲ್ಲಿ ಒಂದೇ ಕಿಟಕಿಯಿಂದ. ಎದುರು ಮನೆ, ಇವರ ಕೋಣೆ.”

ನನ್ನ ಹಣೆಯ ಮೇಲೆ ಬೆವರು ಮೂಡಿತು.

“ಜ್ವರ ಬಂದಿದ್ದು ನನಗೆ,” ಎಂದರು ಅತ್ತೆ. “ಬೆವರ್ತಾ ಇರೋದು ಇವರು ನೋಡಿ.”

ಕತ್ತಿ ಗಂಟಲ ಹತ್ತಿರವಿರುವಾಗ ಮನುಷ್ಯ ಉತ್ಪ್ರೇಕ್ಷೆ ಮಾಡುವುದಿಲ್ಲ. ಒಪ್ಪಿಕೊಂಡೆ. ವಿಶ್ವ ಗೇಮ್ ವರದಿ ನನ್ನದೇ. ಐದು ಖಂಡಗಳಲ್ಲಿ ಕಚೇರಿ ಇಲ್ಲ, ಒಂದು ಮೇಜಿದೆ, ಅದರ ಒಂದು ಕಾಲು ಕುಂಟು. ದಿನಕ್ಕೊಂದು ಅಂಕಿ ಹಾಕದಿದ್ದರೆ ಯಾರೂ ಓದುವುದಿಲ್ಲ. ಅವತ್ತು ಎಲ್ಲೂ ಸಿಗದೆ ಎದುರು ಮನೆಯವನ ಕಾರ್ಖಾನೆಯ ಪುಟ ನೋಡಿದೆ. ಹಿರಿಯ ವಿಶ್ಲೇಷಕ ಎಂಬ ಪದವಿ ಕೊಟ್ಟವನೂ ನಾನೇ, 98.6 ಹಾಕಿದವನೂ ನಾನೇ. ಕಂಪ್ಯೂಟರ್ ಆಟ ಒಂದನ್ನೂ ಆಡಿಲ್ಲ. ಹಕ್ಕಿ ನನ್ನ ಹತ್ತಿರ ಏನೂ ಹೇಳಲಿಲ್ಲ. ಬಸ್ಸು ನಿಂತದ್ದು ನಿಲ್ದಾಣ ಅಲ್ಲೇ ಇದ್ದುದರಿಂದ.

“ಮತ್ತೆ ಆ ಏಳು ಸಾವಿರದ ಮುನ್ನೂರು ಜನ?” ಎಂದು ಕೇಳಿದರು ಅತ್ತೆ, ಎದ್ದು ನನ್ನ ಪಕ್ಕಕ್ಕೆ ಬರುತ್ತ.

ಕೇಳುತ್ತಿದ್ದವರು ಮೂರೇ ಜನ: ಅತ್ತೆ, ಭಾವಮೈದ, ಮತ್ತು ಬೆಂಚಿನ ಮೇಲೆ ಕೂತು ನಿದ್ದೆ ಹೋಗಿದ್ದ ನೋಡೋಣಪ್ಪ. ಒಬ್ಬರೂ ನಗಲಿಲ್ಲ. ಅತ್ತೆ ಬಗ್ಗಿ ಕುರ್ಚಿಯ ಹಿಡಿಕೆಯನ್ನು ಎಳೆದರು. ಮಲಗಿದ್ದ ಬೆನ್ನು ಒಮ್ಮೆಲೇ ಪುಟಿದು ನಿಂತಿತು. ಅವತ್ತು ಕುರ್ಚಿಯಿಂದ ಕೆಳಗೆ ಬಿದ್ದವನು ಒಬ್ಬನೇ. ಅದೂ ನಕ್ಕು ಅಲ್ಲ.